ಪುಣೆಯಲ್ಲಿ ಜನಿಸಿದ ಸಂಗ್ರಾಹಕ: ನವಾಬ ಮೂರನೆಯ ಸಾಲಾರ್ ಜಂಗ್

ಪ್ರಪಂಚದಲ್ಲಿ ಐಶ್ವರ್ಯವಂತರು ಅಸಂಖ್ಯರು ಆಗಿಹೋಗಿದ್ದಾರೆ. ಅವರಲ್ಲಿ ಬಹುತೇಕರ ಹೆಸರು ಅವರ ಕಾಲದೊಡನೆಯೇ ಮುಗಿಯಿತು. ಹೊನ್ನು ಕರಗಿತು, ಭೂಮಿ ಕೈ ಬದಲಾಯಿತು, ಮನೆಗಳು ಕುಸಿದವು. ಆದರೆ ತನ್ನ ಸಂಪತ್ತನ್ನೆಲ್ಲ ಒಡೆದುಹೋಗುವ ವಸ್ತುಗಳ ಮೇಲೆ ಸುರಿದು, ಆ ವಸ್ತುಗಳಿಂದಲೇ ಹೆಸರು ಉಳಿಸಿಕೊಂಡ ಒಬ್ಬ ಪುರುಷನು ಈಗ್ಗೆ ನೂರಮೂವತ್ತು ವರ್ಷಗಳಿಗೂ ಹಿಂದೆ ನಮ್ಮ ಈ ಪುಣೆಯಲ್ಲಿಯೇ ಜನಿಸಿದನೆಂಬುದು ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಿಳಿದಿರಲಾರದು. ಆತನೇ ಹೈದರಾಬಾದಿನ ನವಾಬ ಮೀರ್ ಯೂಸುಫ್ ಅಲಿ ಖಾನ್. ಲೋಕವು ಬಲ್ಲ ಹೆಸರು ಮೂರನೆಯ ಸಾಲಾರ್ ಜಂಗ್.

ಪುಣೆಯ ಮಕ್ಕಳಿಗೆ ವಸ್ತುಸಂಗ್ರಹಾಲಯವು ಹೊಸದಲ್ಲ. ಶುಕ್ರವಾರ ಪೇಠೆಯಲ್ಲಿರುವ ಕೇಳಕರ ವಸ್ತುಸಂಗ್ರಹಾಲಯವನ್ನು ನೀವು ನೋಡಿರಬಹುದು. ದೀಪ, ಅಡಕತ್ತರಿ, ಮಸಿಕುಡಿಕೆ, ಬಾಗಿಲು, ವಾದ್ಯ ಮೊದಲಾದ ಜನಸಾಮಾನ್ಯರ ಮನೆಯ ವಸ್ತುಗಳನ್ನು ಡಾ. ದಿನಕರ ಕೇಳಕರರು ಊರೂರು ಅಲೆದು ಕೂಡಿಸಿ, 1975ರಲ್ಲಿ ಸರಕಾರಕ್ಕೆ ಒಪ್ಪಿಸಿದರು. ಸಾಲಾರ್ ಜಂಗರ ಸಂಗ್ರಹವು ಇನ್ನೊಂದು ಬಗೆಯದು. ಅದು ಅರಮನೆಯ ಸಂಗ್ರಹ. ಕೆಲವು ವರ್ಷಗಳ ಹಿಂದೆ ನಾವು ಪುಣೆಯಿಂದ ರೈಲು ಹತ್ತಿ, ಸೊಲ್ಲಾಪುರ, ಕಲಬುರ್ಗಿ, ವಾಡಿಗಳ ಮಾರ್ಗವಾಗಿ ಹೈದರಾಬಾದಿಗೆ ಹೋಗಿ ಅದನ್ನು ಕಂಡೆವು. ಮೂಸಿ ನದಿಯ ದಕ್ಷಿಣ ದಂಡೆಯ ಮೇಲಿರುವ ಆ ವಿಶಾಲವಾದ ಕಟ್ಟಡದಲ್ಲಿ ಯುರೋಪಿನ ಗಾಜಿನ ವಸ್ತುಗಳಿರುವ ಕೋಣೆಯ ಮುಂದೆ ನಾವು ಬಹಳ ಹೊತ್ತು ನಿಂತೆವು. ನೀಲಿ, ಹಸಿರು, ದಾಳಿಂಬೆ ಬೀಜದಂಥ ಕೆಂಪು, ಹಾಲಿನಂಥ ಬಿಳುಪು, ಹೀಗೆ ನಾನಾ ಬಣ್ಣದ ಗಾಜು ಅಲ್ಲಿ ಬೆಳಕನ್ನು ಹೀರಿ ನಿಂತಿತ್ತು. ಅಂಥ ಹೂದಾನಿಗಳನ್ನು ಯಾರು ಮಾಡಿದರು, ಯಾರು ಕೊಂಡರು, ಯಾರ ಹಣದಿಂದ ಕೊಂಡರು ಎಂಬ ಪ್ರಶ್ನೆಗಳು ಅಲ್ಲಿ ನಮ್ಮ ಮನಸ್ಸಿನಲ್ಲಿ ಎದ್ದುವು. ಈ ಲೇಖನವು ಆ ಪ್ರಶ್ನೆಗಳ ಫಲ.

ಸಾಲಾರ್ ಜಂಗರ ಮನೆತನವು ಬಹು ಪ್ರಾಚೀನವಾದುದು. ಅವರ ಪೂರ್ವಿಕರು ವಿಜಾಪುರದ ಆದಿಲಶಾಹಿ ಅರಸರ ಸೇವೆಯಲ್ಲಿದ್ದರು. ತರುವಾಯ ದಿಲ್ಲಿಯ ಬಾದಶಹರ, ಕೊನೆಗೆ ಹೈದರಾಬಾದಿನ ನಿಜಾಮರ ಸೇವೆಗೆ ಸೇರಿದರು. ಈ ಮನೆತನದ ಹಲವರು ನಿಜಾಮರ ದಿವಾನರಾದರು. ಅವರೆಲ್ಲರಲ್ಲಿ ಶ್ರೇಷ್ಠರೆನಿಸಿದವರು ನಮ್ಮ ಕಥಾನಾಯಕರ ಅಜ್ಜಂದಿರಾದ ಮೊದಲನೆಯ ಸಾಲಾರ್ ಜಂಗರು. 1853ರಿಂದ 1883ರವರೆಗೆ, ಎಂದರೆ ಮೂವತ್ತು ವರ್ಷಗಳ ಕಾಲ, ಅವರು ದಿವಾನಗಿರಿಯನ್ನು ನಡೆಸಿದರು. ಸಂಸ್ಥಾನವನ್ನು ಜಿಲ್ಲೆಗಳಾಗಿ ವಿಂಗಡಿಸಿ, ಕಂದಾಯದ ಪದ್ಧತಿಯನ್ನು ಕ್ರಮಪಡಿಸಿ, ಶಾಲೆಗಳನ್ನು ತೆರೆಯಿಸಿದರು. ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ರೈಲು ಓಡಿದುದು ಅವರ ಕಾಲದಲ್ಲಿಯೇ. 1876ರಲ್ಲಿ ಅವರು ಯುರೋಪಿಗೆ ಹೋದಾಗ ರೋಮ್ ನಗರದಲ್ಲಿ ಬೆಂಜೋನಿ ಎಂಬ ಶಿಲ್ಪಿಯು ಕಡೆದ ಮುಸುಕುಧಾರಿ ರೆಬೆಕಾ ಎಂಬ ಅಮೃತಶಿಲೆಯ ಪ್ರತಿಮೆಯನ್ನು ಕೊಂಡು ತಂದರು. ಕಲ್ಲಿನಲ್ಲಿಯೇ ಕಡೆದ ತೆಳುವಾದ ಮುಸುಕು, ಅದರೊಳಗಿನಿಂದ ಕಾಣುವ ಮುಖ. ಇದನ್ನು ಕಂಡವರು ಕಲ್ಲೆಂಬುದನ್ನೇ ಮರೆಯುವರು. ಮೊಮ್ಮಗನ ಸಂಗ್ರಹಕ್ಕೆ ಬೀಜ ಬಿದ್ದುದು ಇಲ್ಲಿ ಎನ್ನಬೇಕು.

ಆ ಮಹಾದಿವಾನರ ಮಗ ಮೀರ್ ಲಾಯಕ್ ಅಲಿ ಖಾನರು ಎರಡನೆಯ ಸಾಲಾರ್ ಜಂಗರೆನಿಸಿ 1884ರಲ್ಲಿ ದಿವಾನರಾದರು. 1887ರಲ್ಲಿ ಅಧಿಕಾರವನ್ನು ಬಿಟ್ಟರು. 1889ನೆಯ ಜೂನ್ 13ರಂದು ಪುಣೆಯಲ್ಲಿ ಅವರಿಗೆ ಗಂಡು ಮಗು ಹುಟ್ಟಿತು. ಮಗುವಿಗೆ ತಿಂಗಳು ತುಂಬುವ ಮೊದಲೇ, ಅದೇ ವರ್ಷದ ಜುಲೈಯಲ್ಲಿ, ತಂದೆಯು ತೀರಿಕೊಂಡರು. ಅವರಿಗೆ ಆಗ ಮೂವತ್ತು ವರ್ಷಗಳೂ ಆಗಿರಲಿಲ್ಲ. ತೊಟ್ಟಿಲಲ್ಲಿದ್ದ ಶಿಶುವೇ ದಖ್ಖನಿನ ಅತಿ ದೊಡ್ಡ ಜಹಗೀರುಗಳಲ್ಲೊಂದರ ಒಡೆಯನಾಯಿತು. ತಂದೆಯ ಮುಖವನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಭಾಗ್ಯ ಆ ಮಗುವಿಗೆ ಇರಲಿಲ್ಲ. ಆದರೆ ತಂದೆಯ, ಅಜ್ಜನ ಹೆಸರು, ಮನೆ, ಸಂಪತ್ತು, ಇವೆಲ್ಲ ಅದರ ಪಾಲಿಗೆ ಬಂದುವು. ಆರನೆಯ ನಿಜಾಮರಾದ ಮೀರ್ ಮಹಬೂಬ್ ಅಲಿ ಖಾನರ ಪೋಷಣೆಯಲ್ಲಿ ಬಾಲಕನು ಬೆಳೆದನು.

1911ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರು ಏಳನೆಯ ನಿಜಾಮರಾಗಿ ಪಟ್ಟಕ್ಕೆ ಬಂದರು. ಮರು ವರ್ಷ, 1912ರಲ್ಲಿ, ಮಹಾರಾಜಾ ಕಿಶನ್ ಪ್ರಸಾದರ ಸ್ಥಾನದಲ್ಲಿ ಯೂಸುಫ್ ಅಲಿ ಖಾನರನ್ನು ದಿವಾನರನ್ನಾಗಿ ನೇಮಿಸಿದರು. ಅವರ ವಯಸ್ಸು ಆಗ ಕೇವಲ ಇಪ್ಪತ್ತಮೂರು. ಅಜ್ಜನು ಮೂವತ್ತು ವರ್ಷ ಕುಳಿತ ಪೀಠದಲ್ಲಿ ಮೊಮ್ಮಗನು ಎರಡೂವರೆ ವರ್ಷಗಳಷ್ಟೇ ಕುಳಿತನು. 1914ರ ನವೆಂಬರಿನಲ್ಲಿ ಅವರು ಅಧಿಕಾರದಿಂದ ನಿವೃತ್ತರಾದರು. ಆ ಬಳಿಕ ಹಲವು ವರ್ಷ ನಿಜಾಮರೇ ಆಡಳಿತವನ್ನು ನೇರವಾಗಿ ನಡೆಸಿದರು. ಇಪ್ಪತ್ತೈದನೆಯ ವಯಸ್ಸಿನಲ್ಲಿ ರಾಜಕಾರಣದ ಬಾಗಿಲು ಹೀಗೆ ಮುಚ್ಚಿತು. ನವಾಬರು ಮತ್ತೆಂದೂ ದಿವಾನರಾಗಲಿಲ್ಲ. ಅವರು ವಿವಾಹವಾಗಲೂ ಇಲ್ಲ. ಅಧಿಕಾರವಿಲ್ಲ, ಮಡದಿ ಮಕ್ಕಳಿಲ್ಲ. ಹಣವಿದೆ, ಬಿಡುವಿದೆ, ಸೌಂದರ್ಯವನ್ನು ಗುರುತಿಸುವ ಕಣ್ಣಿದೆ. ಮುಂದಿನ ಮೂವತ್ತೈದು ವರ್ಷಗಳನ್ನು ಅವರು ವಸ್ತುಗಳಿಗೆ ಅರ್ಪಿಸಿದರು.

ಅವರ ನಿವಾಸಕ್ಕೆ ದಿವಾನ್ ದೇವಡಿ ಎಂದು ಹೆಸರು. ಅದು ಹಳೆಯ ಹೈದರಾಬಾದಿನಲ್ಲಿ, ಮೂಸಿ ನದಿಗೆ ಸಮೀಪದಲ್ಲಿ ಹರಡಿಕೊಂಡಿದ್ದ ಅರಮನೆಗಳ ಸಮೂಹ. ಅದರಲ್ಲಿ ಕನ್ನಡಿಗಳಿಂದ ಅಲಂಕೃತವಾದ ಆಯಿನಾ ಖಾನಾ ಇತ್ತು. ಪಿಂಗಾಣಿಯಿಂದ ಗೋಡೆಗಳನ್ನು ಸಿಂಗರಿಸಿದ ಚೀನೀ ಖಾನಾ ಇತ್ತು. ದೇಶವಿದೇಶಗಳ ವ್ಯಾಪಾರಿಗಳು ಪ್ರಾಚೀನ ವಸ್ತುಗಳನ್ನು ಹಿಡಿದು ಆ ದೇವಡಿಯ ಬಾಗಿಲಿಗೆ ಬರುತ್ತಿದ್ದರು. ನವಾಬರು ಸ್ವತಃ ಯುರೋಪಿಗೂ ಮಧ್ಯಪ್ರಾಚ್ಯಕ್ಕೂ ಹೋಗಿ ಕೊಂಡರು. ಕಾಲವೂ ಅವರಿಗೆ ಅನುಕೂಲವಾಗಿತ್ತು. 1914ರಿಂದ 1918ರವರೆಗೆ ನಡೆದ ಮಹಾಯುದ್ಧದಲ್ಲಿ ಯುರೋಪಿನ ಸಾಮ್ರಾಜ್ಯಗಳು ಉರುಳಿದುವು. ಅಲ್ಲಿನ ಹಳೆಯ ಶ್ರೀಮಂತ ಮನೆತನಗಳು ಬಡವಾಗಿ, ಅಜ್ಜ ಮುತ್ತಜ್ಜರ ಕಾಲದ ಪದಾರ್ಥಗಳನ್ನು ಮಾರತೊಡಗಿದುವು. ಒಂದು ಖಂಡದ ಮನೆಗಳು ಬರಿದಾಗುತ್ತಿದ್ದಾಗ ದಖ್ಖನಿನ ಒಂದು ಮನೆಯು ತುಂಬುತ್ತಿತ್ತು.

ಆ ಸಂಗ್ರಹದ ವೈವಿಧ್ಯವನ್ನು ಹೇಳಿ ತೀರುವಂತಿಲ್ಲ. ಇಂದು ಅಲ್ಲಿ ಸುಮಾರು 43,000 ಕಲಾವಸ್ತುಗಳು, 9,000 ಹಸ್ತಪ್ರತಿಗಳು, 47,000 ಮುದ್ರಿತ ಗ್ರಂಥಗಳು ಇವೆ. ಜಹಾಂಗೀರ್ ಬಾದಶಹನ ಮತ್ತು ನೂರಜಹಾನಳ ಕಠಾರಿಗಳಿವೆ. ಒಂದೇ ಮರದ ದಿಮ್ಮಿಯಲ್ಲಿ ಮುಂದುಗಡೆ ಗರ್ವಿಷ್ಠ ಪುರುಷನನ್ನೂ ಹಿಂದುಗಡೆ ನಮ್ರಳಾದ ಕನ್ನೆಯನ್ನೂ ಕಡೆದ ಪ್ರತಿಮೆಯಿದೆ. ಗಂಟೆಗೊಮ್ಮೆ ಪುಟ್ಟ ಬೊಂಬೆಯೊಂದು ಹೊರಗೆ ಬಂದು ಜಾಗಟೆಯನ್ನು ಬಾರಿಸಿ ಒಳಗೆ ಹೋಗುವ ಗಡಿಯಾರವಿದೆ. ಅದರ ಮುಂದೆ ಮಕ್ಕಳೂ ಮುದುಕರೂ ಕಾದು ಕುಳಿತಿರುವುದನ್ನು ನಾವು ಕಂಡೆವು. ನಮ್ಮ ಬೀದರಿನ ಕಸಬುದಾರರ ಕೈಚಳಕವಾದ ಬಿದರಿ ಪಾತ್ರೆಗಳೂ ಅಲ್ಲಿವೆ. ಸತುವು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಎರಕ ಹೊಯ್ದು, ಬೆಳ್ಳಿಯ ಎಳೆಗಳನ್ನು ಕೂರಿಸಿ, ಬೀದರ ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ ಆ ಪಾತ್ರೆಗಳನ್ನು ಕಂಡಾಗ ಕನ್ನಡಿಗನ ಎದೆಯು ಉಬ್ಬದೆ ಇರದು.

ಆದರೆ ನಾವು ಹೇಳಹೊರಟಿರುವುದು ಗಾಜಿನ ವಿಷಯ. ಯುರೋಪಿನ ಹಲವು ನಾಡುಗಳ ಗಾಜು ನವಾಬರ ಮನೆಗೆ ಬಂದಿತು. ವೆನಿಸ್ ನಗರದ ಗಾಜು ಅತಿ ಪ್ರಾಚೀನ ಖ್ಯಾತಿಯದು. ಬೆಂಕಿಯ ಭಯದಿಂದ ಆ ನಗರದವರು 1291ರಲ್ಲಿ ಕುಲುಮೆಗಳನ್ನೆಲ್ಲ ಸಮೀಪದ ಮುರಾನೋ ದ್ವೀಪಕ್ಕೆ ಸಾಗಿಸಿದರು. ಬೊಹೀಮಿಯಾದವರು ದಪ್ಪ ಗಾಜನ್ನು ರತ್ನದಂತೆ ಕೊರೆಯುವುದರಲ್ಲಿ ನಿಪುಣರು. ಇಂಗ್ಲೆಂಡಿನ ರೇವನ್ಸ್‌ಕ್ರಾಫ್ಟ್ ಎಂಬಾತನು 1674ರಲ್ಲಿ ಸೀಸವನ್ನು ಬೆರೆಸಿ ಹೊಳಪಿನ ಗಾಜನ್ನು ಮಾಡುವ ಹಕ್ಕುಪತ್ರವನ್ನು ಪಡೆದನು. ಫ್ರಾನ್ಸಿನ ಬಕಾರಾ ಎಂಬ ಹಳ್ಳಿಯಲ್ಲಿ 1764ರಲ್ಲಿ ಆರಂಭವಾದ ಕಾರ್ಖಾನೆಯು ತರುವಾಯ ಜಗತ್ತಿನ ಅರಮನೆಗಳಿಗೆಲ್ಲ ದೀಪಗುಚ್ಛಗಳನ್ನೂ ಹೂದಾನಿಗಳನ್ನೂ ಒದಗಿಸಿತು.

ಗಾಜಿನ ಮೂಲವು ಬಹಳ ಸಾಮಾನ್ಯವಾದುದು. ಮರಳು, ಸೋಡಾ, ಸುಣ್ಣ, ಇವನ್ನು ಕುಲುಮೆಯಲ್ಲಿ ಕರಗಿಸಿದರೆ ಗಾಜು. ನಿಮ್ಮ ತಾಯಂದಿರ ಕೈಯ ಬಳೆಯೂ, ನವಾಬರ ಹೂದಾನಿಯೂ ಒಂದೇ ಕುಲದವು. ಕೋಬಾಲ್ಟ್ ಎಂಬ ಲೋಹದ ಲೇಶವನ್ನು ಬೆರೆಸಿದರೆ ನೀಲಿ, ಮ್ಯಾಂಗನೀಸಿನಿಂದ ನೇರಳೆ, ಚಿನ್ನದ ಅತ್ಯಲ್ಪ ಅಂಶದಿಂದ ಮಾಣಿಕ್ಯದ ಕೆಂಪು ಬರುತ್ತದೆ. ಕುಲುಮೆಯ ಬಾಯಿಂದ ತೆಗೆದ ಕಾದ ಗಾಜಿನ ಉಂಡೆಗೆ ಉದ್ದನೆಯ ಕೊಳವೆಯಿಂದ ಉಸಿರನ್ನು ಊದಿ ಪಾತ್ರೆಯ ಆಕಾರವನ್ನು ಕೊಡುವರು. ಆಮೇಲೆ ಅದನ್ನು ಬಹು ನಿಧಾನವಾಗಿ ಆರಿಸಬೇಕು. ಅವಸರ ಮಾಡಿದರೆ ಒಳಗಿನ ಬಿಗುವಿನಿಂದ ತಾನಾಗಿಯೇ ಸೀಳುತ್ತದೆ.

ಇಂಥ ಗಾಜಿಗೆ ಹತ್ತೊಂಬತ್ತನೆಯ ಶತಮಾನದ ಫ್ರೆಂಚರು ಹೊನ್ನಿನ ಬಣ್ಣದ ಪೀಠವನ್ನೂ ಹಿಡಿಗಳನ್ನೂ ತೊಡಿಸಿದರು. ನಮ್ಮವರು ರುದ್ರಾಕ್ಷಿಗೆ ಬಂಗಾರದ ಕಟ್ಟು ಕಟ್ಟಿಸುವಂತೆ, ಅವರು ಹೂದಾನಿಗೆ ಕಂಚಿನ ಕಟ್ಟು ಕಟ್ಟಿಸಿ, ಆ ಕಂಚಿಗೆ ಚಿನ್ನದ ಮುಲಾಮು ಹಾಕಿಸುತ್ತಿದ್ದರು. ಪ್ಯಾರಿಸಿನಲ್ಲಿ ಹರಳುಗಾಜಿನ ಮೆಟ್ಟಿಲು ಎಂಬ ಅರ್ಥದ ಹೆಸರುಳ್ಳ ಅಂಗಡಿಯೊಂದು ಇಂಥ ಕೆಲಸಕ್ಕಾಗಿಯೇ ಪ್ರಸಿದ್ಧವಾಗಿತ್ತು. ಗಾಜು ಮತ್ತು ಮುಲಾಮಿನ ಕಂಚಿನಿಂದಲೇ ರಚಿತವಾದ ಪ್ರಸಾಧನದ ಮೇಜೊಂದನ್ನು ಆ ಅಂಗಡಿಯು 1819ರ ಪ್ರದರ್ಶನದಲ್ಲಿ ಇರಿಸಿತ್ತು. ಅದು ಇಂದು ಲೂವ್ರ್ ವಸ್ತುಸಂಗ್ರಹಾಲಯದಲ್ಲಿದೆ. ಕಟ್ಟು ಬರಿಯ ಅಲಂಕಾರವಲ್ಲ. ಗಾಜಿನ ಅಂಚು ಬೇಗ ಚಕ್ಕೆ ಏಳುತ್ತದೆ. ಪಾದವು ಬೇಗ ಒಡೆಯುತ್ತದೆ. ಕಂಚು ಆ ಎರಡನ್ನೂ ಕಾಯುತ್ತದೆ. ಕಂಚನ್ನು ಗಾಜಿಗೆ ಬೆಸೆಯುವಂತಿಲ್ಲ, ಏಕೆಂದರೆ ಕಾವಿಗೆ ಲೋಹವು ಹಿಗ್ಗುವಷ್ಟು ಗಾಜು ಹಿಗ್ಗದು. ಆದುದರಿಂದ ಎರಡನ್ನೂ ಬೇರೆ ಬೇರೆ ಮಾಡಿ, ತಣ್ಣಗಿರುವಾಗಲೇ ಕಂಬಿ, ತಿರುಪುಗಳಿಂದ ಹಿತವಾಗಿ ಬಿಗಿಯುತ್ತಿದ್ದರು. ಹೆಚ್ಚು ಬಿಗಿದರೆ ಒಡೆಯಿತು, ಸಡಿಲಬಿಟ್ಟರೆ ಬಿದ್ದಿತು.

ಆ ಕಂಚಿನ ಎರಕದ ಒಂದು ವಿಧಾನವು ನಮ್ಮ ನಾಡಿಗೂ ಪರಿಚಿತ. ನಮ್ಮ ಎರಕದವರು ದೇವರ ಮೂರ್ತಿಯನ್ನು ಮೊದಲು ಮೇಣದಲ್ಲಿ ಮಾಡಿ, ಮಣ್ಣು ಮೆತ್ತಿ, ಮೇಣವನ್ನು ಕರಗಿಸಿ ತೆಗೆದು, ಆ ಪೊಳ್ಳಿನಲ್ಲಿ ಲೋಹವನ್ನು ಹೊಯ್ಯುವಂತೆ ಅವರಲ್ಲಿಯೂ ಕೆಲವರು ಹೊಯ್ಯುತ್ತಿದ್ದರು. ಅನಂತರ ಉಳಿಯಿಂದ ಎಲೆ, ಹೂ, ಬಳ್ಳಿಗಳನ್ನು ಸ್ಪಷ್ಟಗೊಳಿಸುವರು. ಬಳಿಕ ಬರುವುದು ಮುಲಾಮಿನ ಕೆಲಸ. ಚಿನ್ನವನ್ನು ಪಾದರಸದಲ್ಲಿ ಕರಗಿಸಿದರೆ ಅದು ಬೆಣ್ಣೆಯಂತಾಗುತ್ತದೆ. ಆ ಲೇಪವನ್ನು ಕಂಚಿಗೆ ಬಳಿದು ಇದ್ದಿಲ ಬೆಂಕಿಯ ಮೇಲೆ ಹಿಡಿದರೆ ಪಾದರಸವು ಹಬೆಯಾಗಿ ಹಾರಿಹೋಗಿ, ಚಿನ್ನವು ಮಾತ್ರ ಅಂಟಿಕೊಂಡು ಉಳಿಯುತ್ತದೆ. ನೋಡುವವರಿಗೆ ಸೂರ್ಯನಂಥ ಹೊಳಪು. ಆದರೆ ಆ ಹಬೆಯು ಎಲ್ಲಿಗೆ ಹೋಯಿತು? ಕೆಲಸಗಾರನ ಪುಪ್ಪುಸಕ್ಕೆ ಹೋಯಿತು. ಪಾದರಸವು ಘೋರ ವಿಷ. ಕೈ ನಡುಗುವುದು, ಹಲ್ಲು ಉದುರುವುದು, ಬುದ್ಧಿ ಕದಡುವುದು, ಅಕಾಲ ಮರಣ, ಇವೇ ಮುಲಾಮುಗಾರನಿಗೆ ಸಿಕ್ಕ ಪ್ರತಿಫಲ. 1840ರಲ್ಲಿ ಇಂಗ್ಲೆಂಡಿನ ಎಲ್ಕಿಂಗ್ಟನ್ ಮನೆತನದವರು ವಿದ್ಯುತ್ತಿನಿಂದ ಮುಲಾಮು ಹಾಕುವ ಕ್ರಮಕ್ಕೆ ಹಕ್ಕುಪತ್ರ ಪಡೆದ ಮೇಲೆ ಈ ವಿಷದ ಕೆಲಸವು ಕ್ರಮೇಣ ಕಡಮೆಯಾಯಿತು. ಹಳೆಯ ಹೂದಾನಿಯ ಚಿನ್ನವು ಮಾಸದೆ ಹೊಳೆಯುವಾಗ ಆ ಅಜ್ಞಾತರ ಉಸಿರನ್ನು ನೆನೆಯದೆ ಮುಂದೆ ಹೋಗುವುದು ನ್ಯಾಯವಲ್ಲ.

ಇನ್ನು ಹಣದ ವಿಚಾರ. ಇದು ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದುದು. ಸಾಲಾರ್ ಜಂಗರ ಜಹಗೀರು ನಾನಾ ಕಡೆಗಳಲ್ಲಿ ಹರಡಿತ್ತು. ಜಗತ್ಪ್ರಸಿದ್ಧವಾದ ಅಜಂತೆಯ ಪ್ರದೇಶವೂ ಅದರಲ್ಲಿತ್ತು. ನಮ್ಮ ಕೊಪ್ಪಳ, ಯಲಬುರ್ಗಾಗಳೂ ಇದ್ದುವು. ಎರೆಭೂಮಿಯಲ್ಲಿ ಜೋಳವನ್ನು ಬೆಳೆದು, ಮಳೆಗಾಗಿ ಮುಗಿಲ ಕಡೆ ಮುಖವೆತ್ತಿ ನಿಲ್ಲುವ ರೈತರ ಸೀಮೆಯದು. ಅವರು ತೆತ್ತ ಕಂದಾಯವು ಖಜಾನೆ ಸೇರಿ, ಖಜಾನೆಯಿಂದ ದೇವಡಿಗೆ ಹೋಗಿ, ದೇವಡಿಯಿಂದ ಪ್ಯಾರಿಸ್, ಲಂಡನ್ನುಗಳ ವ್ಯಾಪಾರಿಗಳ ಕೈ ಸೇರಿತು. ನಮ್ಮ ಅಜ್ಜನವರು ಯಲಬುರ್ಗಾ ಸೀಮೆಯವರು. ಜಹಗೀರಿನ ಕಾಲವನ್ನು ಬಾಲ್ಯದಲ್ಲಿ ಕಂಡವರು. ಸಾಲಾರ್ ಜಂಗ್ ಎಂಬ ಹೆಸರನ್ನು ಅವರು ದೂರದ ಬೆಟ್ಟದ ಹೆಸರನ್ನು ಹೇಳುವಂತೆ ಹೇಳುತ್ತಿದ್ದರು. ಆ ಒಡೆಯನನ್ನು ಅವರು ಕಂಡಿರಲಿಲ್ಲ. ಆ ಹೂದಾನಿಗಳನ್ನೂ ಕಾಣಲಿಲ್ಲ. ಅವರ ಮೊಮ್ಮಕ್ಕಳಾದ ನಾವು ಟಿಕೇಟು ಕೊಂಡು ಒಳಗೆ ಹೋಗಿ ನೋಡಿದೆವು.

ಇನ್ನೊಂದು ಮಾತನ್ನೂ ಕನ್ನಡ ಶಾಲೆಯ ಮಕ್ಕಳಿಗೆ ಹೇಳಬೇಕು. ಎರಡನೆಯ ಸಾಲಾರ್ ಜಂಗರ ದಿವಾನಗಿರಿಯಲ್ಲಿ, 1884ರಲ್ಲಿ, ಸಂಸ್ಥಾನದ ಆಡಳಿತ ಭಾಷೆಯು ಪಾರಸಿಯಿಂದ ಉರ್ದುವಿಗೆ ತಿರುಗಿತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ಉನ್ನತ ಶಿಕ್ಷಣವನ್ನು ದೇಶಭಾಷೆಯಾದ ಉರ್ದುವಿನಲ್ಲಿ ಕೊಟ್ಟಿತು. ಅದು ಸಣ್ಣ ಸಾಹಸವೇನೂ ಅಲ್ಲ. ಆದರೆ ಕನ್ನಡ, ತೆಲುಗು, ಮರಾಠಿಗಳನ್ನಾಡುವ ಹಳ್ಳಿಯ ಮಕ್ಕಳಿಗೆ ಆ ಭಾಷೆಯೂ ಪರಭಾಷೆಯೇ ಆಗಿತ್ತು. ಹಲವು ದೇಶಗಳ ವಸ್ತುಗಳಿಗೆ ದೇವಡಿಯಲ್ಲಿ ಸ್ಥಳವಿದ್ದಿತು. ರೈತನ ಮಗುವಿನ ತಾಯ್ನುಡಿಗೆ ಕಚೇರಿಯಲ್ಲಿ ಸ್ಥಳವಿರಲಿಲ್ಲ. ಕೊಪ್ಪಳದ ಸಮೀಪದ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಗೊಂಬೆಗಳನ್ನು ಕೆತ್ತಿ, ಹುಣಸೆ ಬೀಜದ ಅಂಟನ್ನು ಬಳಸಿ, ತವರದ ಲೇಪದಿಂದ ಬೆಳ್ಳಿ ಬಂಗಾರಗಳಂಥ ಮೆರುಗನ್ನು ತರುತ್ತಿದ್ದರು, ಇಂದಿಗೂ ತರುತ್ತಾರೆ. ಪ್ಯಾರಿಸಿನ ಮುಲಾಮಿಗೂ ಕಿನ್ನಾಳದ ಮೆರುಗಿಗೂ ಬೆಲೆಯಲ್ಲಿ ಅಂತರವುಂಟು. ಸೌಂದರ್ಯದ ಹಂಬಲದಲ್ಲಿ ಅಂತರವಿಲ್ಲ.

ಹೀಗೆಂದಾಕ್ಷಣ ನವಾಬರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಅವರ ಕಾಲದಲ್ಲಿ ಜಹಗೀರುದಾರರು ಅನೇಕರಿದ್ದರು. ಬಹುಮಂದಿ ಕಂದಾಯವನ್ನು ಉಂಡು, ಕುಡಿದು, ಜೂಜಾಡಿ ಕಳೆದರು. ಅವರಿಂದ ಇಂದು ನಮಗೆ ಉಳಿದುದೇನೂ ಇಲ್ಲ. ಸಾಲಾರ್ ಜಂಗರು ಕಳೆಯಲಿಲ್ಲ, ಕೂಡಿಸಿದರು. ಕವಿಗಳಿಗೂ ಲೇಖಕರಿಗೂ ಆಶ್ರಯವಿತ್ತರು. ಅಮೂಲ್ಯವಾದ ಹಸ್ತಪ್ರತಿಗಳನ್ನು ಉಳಿಸಿದರು. ತಬ್ಬಲಿಯಾಗಿ ಬೆಳೆದು, ಸಂಸಾರವಿಲ್ಲದೆ ಬಾಳಿದ ಅವರಿಗೆ ಈ ವಸ್ತುಗಳೇ ಬಂಧುಬಳಗವಾಗಿದ್ದುವೆಂದು ಊಹಿಸಿದರೆ ತಪ್ಪಾಗದು.

ಅವರ ಕೊನೆಯ ದಿನಗಳಲ್ಲಿ ಅವರು ಕಂಡ ಪ್ರಪಂಚವೇ ಕುಸಿಯುತ್ತಿತ್ತು. 1947ರಲ್ಲಿ ಭಾರತವು ಸ್ವತಂತ್ರವಾಯಿತು. ನಿಜಾಮರು ಒಕ್ಕೂಟಕ್ಕೆ ಸೇರಲು ಒಪ್ಪಲಿಲ್ಲ. ರಜಾಕಾರರ ಹಾವಳಿಯಿಂದ ಪ್ರಜೆಗಳು ತತ್ತರಿಸಿದರು. ಕೊಪ್ಪಳ ಸೀಮೆಯ ತರುಣರು ಗಡಿಯಾಚೆಗೆ ಹೋಗಿ, ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳುತನದಲ್ಲಿ ಮುಂಡರಗಿಯ ಶಿಬಿರವನ್ನು ಸೇರಿ ಹೋರಾಡಿದರು. 1948ನೆಯ ಸೆಪ್ಟೆಂಬರಿನಲ್ಲಿ ಭಾರತದ ಸೈನ್ಯವು ಒಳನುಗ್ಗಿತು. 17ನೆಯ ತಾರೀಖು ನಿಜಾಮರ ಸೈನ್ಯವು ಶರಣಾಯಿತು. ಅದಾದ ಆರು ತಿಂಗಳೊಳಗೆ, 1949ನೆಯ ಮಾರ್ಚ್ 2ರಂದು, ಅರವತ್ತು ತುಂಬುವ ಮೊದಲೇ, ಸಾಲಾರ್ ಜಂಗರು ಕಣ್ಣು ಮುಚ್ಚಿದರು. ಅದೇ ವರ್ಷದ ಆಗಸ್ಟಿನಲ್ಲಿ ಸಂಸ್ಥಾನದ ಜಹಗೀರುಗಳೆಲ್ಲ ರದ್ದಾದುವು. ಜಹಗೀರುದಾರನಾಗಿ ಬೆಳೆದ ಶಿಶುವು ಜಹಗೀರಿನ ಅಂತ್ಯವನ್ನು ನೋಡದೆ ಹೋದನು. 1956ರ ನವೆಂಬರ್ 1ರಂದು ಕೊಪ್ಪಳವು ಮೈಸೂರು ರಾಜ್ಯಕ್ಕೆ ಸೇರಿತು.

ನವಾಬರಿಗೆ ನೇರವಾದ ವಾರಸುದಾರರಿರಲಿಲ್ಲ. ಆದುದರಿಂದ ಸಂಗ್ರಹವು ಮಹಾ ಗಂಡಾಂತರಕ್ಕೆ ಸಿಕ್ಕಿತು. ಹಕ್ಕು ಸಾಧಿಸಲು ಬಂಧುಗಳು ಅನೇಕರು ಮುಂದೆ ಬಂದರು. ಪಾಲಾಗಿದ್ದರೆ ಒಂದು ಹೂದಾನಿ ಇಲ್ಲಿ, ಅದರ ಜೊತೆಯದು ಅಲ್ಲಿ ಎಂಬಂತೆ ಸಂಗ್ರಹವೆಲ್ಲ ದಿಕ್ಕುಪಾಲಾಗಿ ಹರಾಜಿನ ಕಟ್ಟೆಗೆ ಹೋಗುತ್ತಿತ್ತು. ಹಾಗಾಗದಂತೆ ಸರಕಾರವು ಸಾಲಾರ್ ಜಂಗರ ಆಸ್ತಿಗೆ ಸಮಿತಿಯೊಂದನ್ನು ನೇಮಿಸಿತು. ಅಂದಿನ ಆಡಳಿತಾಧಿಕಾರಿಗಳಾದ ವೆಲ್ಲೋಡಿಯವರು ಇದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡುವ ವಿಚಾರವನ್ನು ಮುಂದಿಟ್ಟರು. ಕಲಾವಿಮರ್ಶಕರಾದ ಡಾ. ಜೇಮ್ಸ್ ಕಸಿನ್ಸರು ವಸ್ತುಗಳನ್ನು ವಿಂಗಡಿಸಿ ಅಣಿಗೊಳಿಸಿದರು. 1951ನೆಯ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲಿಯೇ ಪಂಡಿತ ಜವಾಹರಲಾಲ ನೆಹರೂ ಅವರು ಬಾಗಿಲನ್ನು ತೆರೆದು ಸಂಗ್ರಹವನ್ನು ಸಾರ್ವಜನಿಕರಿಗೆ ಒಪ್ಪಿಸಿದರು. 1958ರಲ್ಲಿ ಬಂಧುಗಳು ರಾಜಿಯಾಗಿ, ಉಚ್ಚ ನ್ಯಾಯಾಲಯದ ತೀರ್ಪಿನ ಮೂಲಕ ಸಂಗ್ರಹವನ್ನು ರಾಷ್ಟ್ರಕ್ಕೆ ಬಿಟ್ಟುಕೊಟ್ಟರು. 1961ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾಯಿದೆಯನ್ನು ಮಾಡಿ, ಇದು ರಾಷ್ಟ್ರೀಯ ಮಹತ್ವದ ಸಂಸ್ಥೆಯೆಂದು ಸಾರಿತು. 1968ರಲ್ಲಿ ಸಂಗ್ರಹವು ಮೂಸಿಯ ದಂಡೆಯ ಹೊಸ ಕಟ್ಟಡಕ್ಕೆ ಬಂದಿತು.

ವಿದ್ಯಾರ್ಥಿಗಳೇ, ಈ ಚರಿತ್ರೆಯ ತಿರುಳು ಇಲ್ಲಿದೆ. ರೈತರು ಕೊಟ್ಟ ಹಣವು ಒಬ್ಬನ ಮನೆಯಲ್ಲಿ ಗಾಜಾಗಿ ಸೇರಿತು. ಒಬ್ಬನ ಮನೆಯ ಗಾಜು ಮತ್ತೆ ಎಲ್ಲರ ಸ್ವತ್ತಾಯಿತು. ಈ ತಿರುವು ತಾನಾಗಿ ಬರಲಿಲ್ಲ. ಅದಕ್ಕೆ ನ್ಯಾಯಾಲಯದ ತೀರ್ಪು ಬೇಕಾಯಿತು, ಕಾಯಿದೆ ಬೇಕಾಯಿತು, ಕಾಯುವ ಜನ ಬೇಕಾದರು. ಗಾಜನ್ನು ಕಂಚಿನ ಕಟ್ಟು ಹಿಡಿದು ನಿಲ್ಲಿಸುವಂತೆ ಈ ಸಂಗ್ರಹವನ್ನು ಕಾಯಿದೆಯು ಹಿಡಿದು ನಿಲ್ಲಿಸಿದೆ. ಎಲ್ಲರೂ ಸೇರಿ ಗಾಜನ್ನು ಮಾಡುವ ಇನ್ನೊಂದು ದಾರಿಯೂ ನಮ್ಮ ನೆರೆಯಲ್ಲಿಯೇ ಇತ್ತು. ಪುಣೆಯಿಂದ ಮುಂಬಯಿಯ ದಾರಿಯಲ್ಲಿರುವ ತಳೇಗಾಂವದಲ್ಲಿ 1908ರಲ್ಲಿ ಗಾಜಿನ ಕಾರ್ಖಾನೆಯೊಂದು ಆರಂಭವಾಯಿತು. ಅಂತಾಜಿ ದಾಮೋದರ ಕಾಳೆಯವರು ಜನರಿಂದ ಒಂದೊಂದು ಪೈಸೆಯನ್ನು ಕೂಡಿಸಿದ ಪೈಸಾ ಫಂಡಿನಿಂದ ಅದು ಹುಟ್ಟಿತು. ಲೋಕಮಾನ್ಯ ತಿಲಕರ ಬೆಂಬಲ ಅದಕ್ಕಿತ್ತು. ಅಲ್ಲಿ ನವಾಬರ ಹೂದಾನಿಗಳಂಥವು ಆಗಲಿಲ್ಲ. ಆದರೆ ನಮ್ಮವರು ಗಾಜಿನ ಕೆಲಸವನ್ನು ಕಲಿತರು.

ನಿಮ್ಮಲ್ಲಿ ಅನೇಕರ ತಂದೆ ತಾಯಿಗಳು ಕಲಬುರ್ಗಿ, ರಾಯಚೂರು, ಕೊಪ್ಪಳ, ವಿಜಾಪುರಗಳ ಕಡೆಯಿಂದ ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದವರು. ಅವರು ಕಟ್ಟಿದ ಮಹಡಿಗಳ ಗಾಜಿನ ಕಿಟಕಿಗಳು ಸಂಜೆಯ ಬಿಸಿಲಿಗೆ ಹೊಳೆಯುವುದನ್ನು ನೀವು ದಿನವೂ ನೋಡುತ್ತೀರಿ. ಮುಂದೆ ಎಂದಾದರೂ ಹೈದರಾಬಾದಿಗೆ ಹೋದರೆ ಆ ಸಂಗ್ರಹಾಲಯದೊಳಗೆ ಹೋಗಿರಿ. ಗಡಿಯಾರದ ಬೊಂಬೆಯನ್ನು ನೋಡಿ ನಲಿಯಿರಿ. ಆಮೇಲೆ ಗಾಜಿನ ಕೋಣೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿರಿ. ಪುಣೆಯಲ್ಲಿ ಹುಟ್ಟಿ ತಂದೆಯನ್ನು ಕಾಣದೆ ಬೆಳೆದ ಆ ಒಂಟಿ ನವಾಬನನ್ನು ನೆನೆಯಿರಿ. ಊದಿದವನ ಉಸಿರನ್ನು, ಮುಲಾಮು ಹಾಕಿದವನ ನಡುಗುವ ಕೈಯನ್ನು, ಜೋಳದ ಹೊಲದಲ್ಲಿ ಮುಗಿಲ ನೋಡುತ್ತ ನಿಂತವನನ್ನೂ ನೆನೆಯಿರಿ. ಅಲ್ಲಿ ಅಂಜಿ ಬಾಗಿ ನಿಲ್ಲಬೇಕಾಗಿಲ್ಲ. ಕೋಪದಿಂದ ಮುಖ ತಿರುಗಿಸಬೇಕಾಗಿಯೂ ಇಲ್ಲ. ನಮ್ಮ ಮನೆಯ ವಸ್ತುವನ್ನು ನೋಡುವಂತೆ, ಜೋಪಾನವಾಗಿ ಕೈ ಕಟ್ಟಿಕೊಂಡು ನೋಡಿರಿ. ಅದು ಈಗ ನಿಮ್ಮದೂ ಹೌದು.